ಜಯನಗರ ಎಷ್ಟು ಅಂತ ಮಕ್ಕಳನ್ನ ಕೇಳಿ

ಎರಡನೇ ಕ್ಲಾಸು ಮೂರನೇ ಕ್ಲಾಸಿನ ಮಕ್ಕಳಿಗೆ ರಜೆ ಬಂತು ಅಂದ್ರೆ ಪುಟಗಟ್ಟಲೆ ಕೂಡೋ ಲೆಕ್ಕ ಹಾಕ್ಕೊಟ್ಟು ಕೂರಿಸ್ತೀವಲ್ಲ, ದಯವಿಟ್ಟು ಅದನ್ನ ಸ್ವಲ್ಪ ಕಮ್ಮಿ ಮಾಡಿ ಅಕ್ಷರದ ಪಜಲ್ ಕೊಡಿ, ಅದೂ ಕನ್ನಡದ್ದೇ ಕೊಡಿ. ಎ ಅಂದ್ರೆ 1, ಬಿ ಅಂದ್ರೆ 2 ಅನ್ನೋ ಇಂಗ್ಲಿಷ್ ವರ್ಕ್‌ಶೀಟ್ ಬೇಕಾದಷ್ಟು ಸಿಗುತ್ತೆ, ಆದ್ರೆ ಅದ್ರಲ್ಲಿ ಸ್ಪೆಲ್ಲಿಂಗ್ ತಪ್ಪಿದ್ರೆ ಲೆಕ್ಕಾನೂ ತಪ್ಪುತ್ತೆ, ಮಗು ಎಲ್ಲಿ ಎಡವಿತು ಅಂತ ನಮಗೇ ಗೊತ್ತಾಗಲ್ಲ.

ಮಾಡೋದು ಇಷ್ಟೇ. ಕ 1, ಖ 2, ಹಿಂಗೇ ಹೋಗ್ತಾ ಮ ಬರೋ ಹೊತ್ತಿಗೆ 25, ಆಮೇಲೆ ಯ 26, ರ 27, ಲ 28, ವ 29, ಕೊನೇಲಿ ಳ 34. ಕಾಗುಣಿತ ಸದ್ಯಕ್ಕೆ ಲೆಕ್ಕಕ್ಕಿಲ್ಲ. ಈಗ 'ನಗರ' ತಗೊಳ್ಳಿ, 20, 3, 27, ಕೂಡಿದ್ರೆ ಸರಿಯಾಗಿ 50! ಬೆಂಗಳೂರಿನ ಮಕ್ಕಳಿಗೆ ಇನ್ನೇನು ಬೇಕು ಹೇಳಿ, ಬಿಎಂಟಿಸಿ ಬಸ್ಸಿನ ಬೋರ್ಡ್ ತುಂಬ ನಗರಗಳೇ. 'ಜಯ' 34, ಅದಕ್ಕೆ 50 ಸೇರಿಸಿದ್ರೆ ಜಯನಗರ 84. ರಾಜಾಜಿನಗರ 93. ಪಕ್ಕದ ಮನೆ ಹುಡುಗಿಗೆ, ಮೂರನೇ ಕ್ಲಾಸು ಅವಳು, ವಿಜಯನಗರ ಎಷ್ಟಮ್ಮ ಅಂದೆ. ಮೊದಲಿಂದ ಕೂಡಲೇ ಇಲ್ಲ, "ಆಂಟಿ, ಜಯನಗರಕ್ಕೆ ವ ಸೇರಿಸಿದ್ರಾಯ್ತಲ್ಲ" ಅಂತ 84ಕ್ಕೆ 30 ಕೂಡಿ ಒಂದು ಕಳೆದು 113 ಅಂದ್ಬಿಟ್ಲು. ಈ ಉಪಾಯ ಅವಳಿಗೆ ನಾನಂತೂ ಹೇಳಿಕೊಟ್ಟಿರಲಿಲ್ಲ, ಎಷ್ಟು ಖುಷಿಯಾಯ್ತು ಅಂದ್ರೆ!

ಉಲ್ಟಾನೂ ಕೇಳಿ, 50 ಬರೋ ಎರಡಕ್ಷರದ ಪದ ಯಾವುದು ಅಂತ. ಬ 23, ಇನ್ನೂ 27 ಬೇಕು, 27 ಅಂದ್ರೆ ರ, ಹಂಗಾದ್ರೆ 'ಬರ'. 'ತಳ'ಕ್ಕೂ 50ಏ ಬರುತ್ತೆ. ಇಂಥ ಒಂದು ಪದ ಸಿಗೋದ್ರೊಳಗೆ ಮಗು ತಾನಾಗೇ ಎಷ್ಟೋ ಸಲ ಕೂಡಿ ಕಳೆದು ಮಾಡಿರುತ್ತೆ. ಗಜಕ್ಕೂ 11, ಜಗಕ್ಕೂ 11 ಬಂದಾಗ ಯಾಕೆ ಅಂತ ಅವರೇ ಕೇಳ್ತಾರೆ, ಅಲ್ಲಿ ಸುಮ್ನೆ ಉತ್ತರ ಹೇಳ್ಬಿಡಬೇಡಿ.

ಅಕ್ಷರಕ್ಕೆ ಅಂಕಿ ಕೊಡೋದು ನಮಗೇನು ಹೊಸದಲ್ಲ. ಕರ್ನಾಟಕ ಸಂಗೀತ ಕಲಿತೋರಿಗೆ ಕಟಪಯಾದಿ, ಅಂದ್ರೆ ರಾಗದ ಹೆಸರಿನ ಅಕ್ಷರದಿಂದ ಅದರ ನಂಬರ್ ತಿಳಿಯೋ ಪದ್ಧತಿ, ಗೊತ್ತಿರುತ್ತೆ (ಅಲ್ಲಿ ಅಂಕಿ ಕೊಡೋ ಕ್ರಮ ಬೇರೆ), ಮಾಯಾಮಾಳವಗೌಳ ರಾಗದ ಮೊದಲ ಎರಡಕ್ಷರ ಮ 5, ಯ 1, ತಿರುಗಿಸಿ ಓದಿದ್ರೆ 15, ಅದು 15ನೇ ಮೇಳಕರ್ತ (ಅಂದ್ರೆ ಮೂಲ) ರಾಗ.

ಇನ್ನೊಂದು ಲಾಭ, ಇಂಗ್ಲಿಷ್ ಮೀಡಿಯಂನಲ್ಲಿ ಓದೋ ಎಷ್ಟೋ ಮಕ್ಕಳು ವರ್ಣಮಾಲೆನ ಕಖಗಘ ತನಕ ಹೇಳಿ ಟಠಡಢ ಹತ್ರ ನಿಂತುಬಿಡ್ತಾರೆ, ಇದ್ರಲ್ಲಿ ಅದೂ ಬಾಯಿಗೆ ಬರುತ್ತೆ. ಚಾರ್ಟ್ ಮಾತ್ರ ಎದುರಿಗೇ ಅಂಟಿಸಿ, ಬಾಯಿಪಾಠ ಮಾಡಿಸಬೇಡಿ, ಟೈಮರ್ ಅಂತೂ ಇಡ್ಲೇಬೇಡಿ. ಒಂದನೇ ಕ್ಲಾಸಿನ ಪುಟಾಣಿಗಳಿಗೆ ಕ ಇಂದ ಞ ವರೆಗಿನ ಹತ್ತೇ ಅಕ್ಷರ ಸಾಕು. ಒತ್ತಕ್ಷರ ಇರೋ ಮಲ್ಲೇಶ್ವರ ಸ್ವಲ್ಪ ದೊಡ್ಡವರಾದ ಮೇಲೆ.