ಕರೆಂಟು ಹೆಚ್ಚಾಗಿ ಹೋದ ಊರು

ನಾನು ಸಾಗರದ ಕಡೆಯವನು. ಲಿಂಗನಮಕ್ಕಿಗೆ ನೆಲ ಕೊಟ್ಟು, ನಾಡಿಗೆ ಬೆಳಕು ಕಳಿಸಿ, ತಾನು ಬುಡ್ಡಿದೀಪದಲ್ಲಿ ಓದಿದ ಸೀಮೆ ನಮ್ಮದು. ಹಾಗಾಗಿ 2025ರ ಏಪ್ರಿಲ್ 28ರ ಮಧ್ಯಾಹ್ನ 12.33ಕ್ಕೆ ಮ್ಯಾಡ್ರಿಡ್‌ನಲ್ಲಿ ಕರೆಂಟು ಹೋದಾಗ ನನಗೇನೂ ಅನಿಸಲಿಲ್ಲ. ಪಕ್ಕದ ಮನೆಗೂ ಇಲ್ಲವಾ ಅಂತ ಬಾಲ್ಕನಿಯಿಂದ ಬಗ್ಗಿ ನೋಡಿದೆ. ಪಕ್ಕದ ಮನೆಗೇನು ಬಂತು, ದ್ವೀಪಗಳನ್ನು ಬಿಟ್ಟರೆ ಇಡೀ ಸ್ಪೇನಿಗೇ ಇರಲಿಲ್ಲ, ಪೋರ್ಚುಗಲ್ಲಿಗೂ ಇರಲಿಲ್ಲ.

ಅರ್ಧ ಗಂಟೆಯಲ್ಲಿ ಜಂಬ ಇಳಿಯಿತು. ಒಲೆ ಕರೆಂಟಿನದು; ಅನ್ನಕ್ಕಿಟ್ಟ ನೀರು ಉಗುರುಬೆಚ್ಚಗೆ ನಿಂತಿತ್ತು. ಮನೆಯಲ್ಲಿ ಮೇಣದಬತ್ತಿ ಇಲ್ಲ, ಬೆಂಕಿಪೊಟ್ಟಣವಂತೂ ಇಲ್ಲವೇ ಇಲ್ಲ. ಜೇಬಲ್ಲಿ ನಾಲ್ಕು ಯೂರೊ ಚಿಲ್ಲರೆ. ಕಾರ್ಡು ಯಾರಿಗೂ ಬೇಡ. ಒಂದು ತಿಂಗಳ ಹಿಂದಷ್ಟೇ ಐರೋಪ್ಯ ಒಕ್ಕೂಟದವರು 72 ಗಂಟೆಗಾಗುವಷ್ಟು ಸಾಮಾನು ಕೂಡಿಟ್ಟುಕೊಳ್ಳಿ ಎಂದಾಗ ಆಫೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮೂಲೆಯ ಚೀನೀಯರ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ಖಾಲಿ. ನೆಲಮಹಡಿಯ ಅಜ್ಜಿ ತಮ್ಮ ಹಳೇ ರೇಡಿಯೊ ತಂದು ಕಿಟಕಿಯಲ್ಲಿಟ್ಟರು, ಬೀದಿಯೇ ಸುತ್ತ ನೆರೆಯಿತು. "ನಾನು ಚಿಕ್ಕವಳಿದ್ದಾಗ ಇದು ದಿನಾ ಇದ್ದದ್ದೇ, ಮಗಾ" ಎಂದರು. ಆ ಕಾಲದ ಕಡಿತಕ್ಕೆ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಬರಗಾಲದ ಕಡೆ ಬೆರಳು ತೋರಿಸುತ್ತಿತ್ತಂತೆ. 'ಡ್ಯಾಮಿನಲ್ಲಿ ನೀರಿಲ್ಲ' ಎಂಬುದನ್ನು ಕೇಳಿಯೇ ಬೆಳೆದ ನನಗೆ ಆ ಸಬೂಬು ನೆಂಟರನ್ನು ಕಂಡಷ್ಟು ಪರಿಚಿತ.

ಸಂಜೆಯ ಹೊತ್ತಿಗೆ ಅದು ಜಾತ್ರೆಯೇ ಆಯಿತು. ಬಿಸಿಯಾಗುವ ಮುಂಚೆ ಮುಗಿಯಲಿ ಎಂದು ಬಾರಿನವನು ಬಿಯರ್ ಸುರಿಯುತ್ತಲೇ ಇದ್ದ. 1940ರಲ್ಲಿ ಫ್ರಾಂಕೊ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ ಬರ್ಲಿನ್ನಿಗೆ ಸರಿ ಮಾಡಿದ್ದು ಇವತ್ತಿಗೂ ಹಾಗೇ ಇದೆ. ರಾತ್ರಿ ಹತ್ತಕ್ಕೆ ಊಟ ಮಾಡುವ ಇವರನ್ನು ಅದಕ್ಕಾಗಿ ಎಷ್ಟು ಬೈದುಕೊಂಡಿದ್ದೇನೋ! ಅವತ್ತು ಮಾತ್ರ ಒಂಬತ್ತರವರೆಗೂ ಬೆಳಕಿದ್ದದ್ದು ಪುಣ್ಯ. ಕತ್ತಲಾಗಿ ಎಷ್ಟೋ ಹೊತ್ತಿನ ಮೇಲೆ ದೀಪ ಬಂದಾಗ ಇಡೀ ಬೀದಿ 'ಹೋ' ಎಂದು ಚಪ್ಪಾಳೆ ತಟ್ಟಿತು. ನಮ್ಮ ಕೇರಿಯ ಮಕ್ಕಳದೇ ಕೂಗು.

ವ್ಯತ್ಯಾಸ ಗೊತ್ತಾದದ್ದು ಮಾರನೇ ದಿನ. ನಮ್ಮಲ್ಲಿ ಕರೆಂಟು ಯಾವಾಗ ಬರುತ್ತೆ ಎಂದು ಕೇಳುತ್ತೇವೆ, ಬಂದ ಮೇಲೆ ಮರೆಯುತ್ತೇವೆ. ಇವರು ಬಂದ ಮೇಲೆ ಯಾಕೆ ಹೋಯಿತು ಎಂದು ಶುರು ಮಾಡುತ್ತಾರೆ. ಅಣುಸ್ಥಾವರ ಮುಚ್ಚಲು ಹೊರಟದ್ದೇ ತಪ್ಪು ಎಂದು ಬಲದವರು, ಖಾಸಗಿ ಕಂಪನಿಗಳ ಲಾಭಕೋರತನ ಎಂದು ಎಡದವರು, ನಡುವೆ ಪ್ರಧಾನಿ ಸಾಂಚೆಸ್ ಸರ್ಕಾರ. ನನ್ನ ಆಫೀಸಿನ ಕಾಫಿ ಯಂತ್ರದ ಬಳಿ ವಾರಗಟ್ಟಲೆ ಇದೇ ಜಗಳ. ಬೇಜಾರಾಗುತ್ತಿತ್ತು, ಆದರೂ ಹೊಟ್ಟೆಕಿಚ್ಚಾಯಿತು: ಒಂದು ದಿನದ ಕತ್ತಲೆಗೆ ಇಷ್ಟು ಲೆಕ್ಕ ಕೇಳುವ ಜನ!

ಜೂನ್‌ನಲ್ಲಿ ಸರ್ಕಾರದ ವರದಿ ಬಂತು. ಕರೆಂಟು ಸಾಲದೆ ಹೋದದ್ದಲ್ಲವಂತೆ, ವೋಲ್ಟೇಜು ಮಿತಿಮೀರಿ ಹೋದದ್ದಂತೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಲ್ಲಿ ಮಳೆ, ಗಾಳಿ, ಎರಡು ದಿನದಿಂದ ಲೈನು ಹರಿದು ಬಿದ್ದಿತ್ತು.

"ಅಷ್ಟು ಹೆಚ್ಚಾಗಿದ್ರೆ ಇತ್ಲಾಗೆ ಸ್ವಲ್ಪ ಕಳ್ಸಕ್ಕೆ ಹೇಳು" ಎಂದಳು. ಅಷ್ಟರಲ್ಲಿ ಅವಳ ಫೋನಿನ ಚಾರ್ಜು ಮುಗಿಯಿತು.