ಅದು ಸರ್ಕಸ್ ಅಲ್ಲ ಸ್ವಾಮಿ, ಡ್ರಮ್ಸ್

ನಾನು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತೇನೆ ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಸ್ನೇಹಿತರೊಬ್ಬರು 'ಬಿಗ್ ನಾಯ್ಸ್ ಫ್ರಮ್ ವಿನೆಟ್ಕಾ' ಅನ್ನೋ ಅಮೆರಿಕದ ಜಾಝ್ ರಚನೆಯ ಹಳೇ ವಿಡಿಯೋ ಕಳಿಸಿದರು. ಜೊತೆಗೆ ಒಂದು ಸಾಲು: 'ಒಳ್ಳೇ ಸರ್ಕಸ್.' ಆಗಿನಿಂದ ತಲೆ ಕೆಟ್ಟಿದೆ.

ಆ ರಚನೆ 1938ರಲ್ಲಿ ರೆಕಾರ್ಡ್ ಆದದ್ದು. ಇರುವುದು ಇಬ್ಬರೇ. ಬಾಬ್ ಹ್ಯಾಗರ್ಟ್ ಬೇಸ್ (ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ) ನುಡಿಸುತ್ತಾ ಶಿಳ್ಳೆ ಹಾಕುತ್ತಾನೆ, ರೇ ಬೊಡೂಕ್ ಡ್ರಮ್ಸ್‌ನಲ್ಲಿ. ನಡುವೆ ಬೊಡೂಕ್ ಡ್ರಮ್ ಬಿಟ್ಟು ಸೀದಾ ಬೇಸ್‌ನ ತಂತಿಗಳ ಮೇಲೆ ಕೋಲು ಬಾರಿಸುತ್ತಾನೆ. ಹ್ಯಾಗರ್ಟ್‌ನ ಎಡಗೈ ಬೆರಳು ಸ್ವರ ಹಿಡಿಯುತ್ತದೆ, ಆ ಸ್ವರಕ್ಕೆ ಪೆಟ್ಟು ಇವನದು. ಲಯವೂ ಸ್ವರವೂ ಒಟ್ಟಿಗೇ ಹುಟ್ಟುತ್ತವೆ. ಇದಕ್ಕೆ ಎಷ್ಟು ಕಿವಿ ಬೇಕು ಗೊತ್ತಾ? ಜನಕ್ಕೆ ನೆನಪಿರುವುದು ಮಾತ್ರ ಆ ಶಿಳ್ಳೆ.

ಇವರಿಬ್ಬರೂ ಇದ್ದ ಬ್ಯಾಂಡಿನ ಹೆಸರೂ ಬಾಬ್ ಕ್ರಾಸ್ಬಿಯದು. ಬ್ಯಾಂಡ್ ಲೀಡರ್ ಬೆನ್ ಪೊಲಾಕ್ ತಂಡದಿಂದ ಹೊರಬಂದ ವಾದಕರು ಸೇರಿ ಕಟ್ಟಿಕೊಂಡ ಬ್ಯಾಂಡ್ ಅದು, ಮುಂದೆ ನಿಲ್ಲೋಕೆ ಒಬ್ಬ ಗಾಯಕ ಬೇಕಿತ್ತು, ಖ್ಯಾತ ಗಾಯಕ ಬಿಂಗ್ ಕ್ರಾಸ್ಬಿಯ ತಮ್ಮ ಬಾಬ್ ಸಿಕ್ಕ. 1935ರಿಂದ 1942ರವರೆಗೆ ಹಿಂದೆ ಕೂತು ಆ ಬ್ಯಾಂಡನ್ನು ನಡೆಸಿದ ಲಯ ಬೊಡೂಕ್‌ದು. ನಮ್ಮಲ್ಲೂ ಅಷ್ಟೇ, ಕಾರ್ಯಕ್ರಮ ಮುಗಿದ ಮೇಲೆ ಜನ ಹಾಡಿದವರ ಕೈ ಕುಲುಕಿ ಹೊರಟುಬಿಡುತ್ತಾರೆ. ಹೊಟ್ಟೆ ಉರಿಯುತ್ತದೆ, ಹೇಳಿಬಿಡುತ್ತೇನೆ.

'ಡ್ರಮ್ಸ್ ಅಂದ್ರೆ ಜೀನ್ ಕ್ರೂಪಾ, ಬಡ್ಡಿ ರಿಚ್ ಅಲ್ವಾ' ಅಂತೀರಿ. ಅವರು ದೊಡ್ಡವರೇ, ಅನುಮಾನವಿಲ್ಲ. ಆದರೆ ವೇಗ ಒಂದನ್ನೇ ಅಳೆದರೆ ಬೊಡೂಕ್ ಕೈಗೆ ಸಿಗೋದೇ ಇಲ್ಲ. ಅವನು ನ್ಯೂ ಆರ್ಲಿಯನ್ಸ್‌ನವನು. ಅಲ್ಲಿನ ಬೀದಿ ಮೆರವಣಿಗೆಯಲ್ಲಿ ದಪ್ಪ ಸದ್ದಿನ ಬೇಸ್ ಡ್ರಮ್ ಒಬ್ಬರ ಬಳಿ, ಚುರುಕು ಸದ್ದಿನ ಚಿಕ್ಕ ಡ್ರಮ್ ಸ್ನೇರ್ ಇನ್ನೊಬ್ಬರ ಬಳಿ, ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರ ಉತ್ತರ. ಆ ಮಾತುಕತೆಯನ್ನು ಇವನು ಒಬ್ಬನೇ ಕೂತು ಎರಡು ಕೈ ಎರಡು ಕಾಲಲ್ಲಿ ನಡೆಸುತ್ತಾನೆ. ಸುತ್ತಮುತ್ತ ಎಲ್ಲರೂ ನಯವಾದ ಸ್ವಿಂಗ್ ಜಾಝ್ ಕಡೆ ತಿರುಗಿದ್ದಾಗ ಕ್ರಾಸ್ಬಿ ಬ್ಯಾಂಡ್ ಆ ಊರಿನ ಹಳೇ ಜಾಝ್ ಶೈಲಿ ಡಿಕ್ಸಿಲ್ಯಾಂಡನ್ನು ಬಿಟ್ಟುಕೊಡಲಿಲ್ಲ. ಬೊಡೂಕ್ ಅಂತೂ 1950ರ ದಶಕದಲ್ಲೂ ಗಿಟಾರ್ ವಾದಕ ನ್ಯಾಪಿ ಲಮಾರ್ ಜೊತೆ ಬ್ಯಾಂಡ್ ಕಟ್ಟಿ ಅದನ್ನೇ ನುಡಿಸಿದ. 1988ರಲ್ಲಿ ಹ್ಯೂಸ್ಟನ್‌ನಲ್ಲಿ ತೀರಿಕೊಂಡ.

ಇವತ್ತು ಕ್ರಾಸ್ಬಿ ಬ್ಯಾಂಡಿನ 'ಸೌತ್ ರಾಂಪಾರ್ಟ್ ಸ್ಟ್ರೀಟ್ ಪೆರೇಡ್' ಹಾಕಿ ಕೇಳಿ. 1937ರದ್ದು. ಅದನ್ನು ಹ್ಯಾಗರ್ಟ್ ಜೊತೆ ಸೇರಿ ರಚಿಸಿದ್ದೂ ಈ ಡ್ರಮ್ಮರೇ. ಇಯರ್‌ಫೋನ್ ಹಾಕಿಕೊಳ್ಳಿ, ಮೊಬೈಲ್ ಸ್ಪೀಕರ್‌ನಲ್ಲಿ ಬೇಸ್ ಡ್ರಮ್ ಕೇಳಿಸಲ್ಲ. ಮೊದಲ ಸಲ ಟ್ರಂಪೆಟ್ ಕಡೆ ಗಮನ ಹೋಗುತ್ತೆ, ಹೋಗಲಿ. ಎರಡನೇ ಸಲ ಸ್ನೇರ್ ಒಂದನ್ನೇ ಹಿಡಿದು ಕೊನೆಯವರೆಗೂ ಹೋಗಿ, ಆಮೇಲೆ ನನಗೆ ಫೋನ್ ಮಾಡಿ.