62 ಪರ್ಸೆಂಟ್ ತಗೊಂಡವರಿಗೆ ಶಾಲು ಯಾರು ಹೊದಿಸ್ತಾರೆ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಣ ಕೂಡಿಸುವ ಮಾತು ಶುರು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಬೆಳಗಾವಿ ಕಡೆಯವರು ಒಂದಷ್ಟು ಮಂದಿ ಇದ್ದೇವೆ. ಇಲ್ಲಿಂದ ಡಾಲರ್ ಹೋಗುತ್ತದೆ, ಅಲ್ಲಿ ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. 95ರ ಮೇಲೆ ತಗೊಂಡವರಿಗೆ ಶಾಲು, ಫಲಕ, ಒಂದು ಲಕೋಟೆ. ಒಳ್ಳೆಯದೇ. ಆದರೆ ಅವರು ಹೇಗಿದ್ದರೂ ಮುಂದೆ ಓದುತ್ತಾರೆ, ಅಲ್ವಾ? ನನಗೆ ಚಿಂತೆ ಇರುವುದು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುವ 62 ಪರ್ಸೆಂಟಿನ ಹುಡುಗನದು.

ಬಡ ಮಕ್ಕಳನ್ನು ಕಾಲೇಜಿಗೆ ತಯಾರು ಮಾಡುವ ‘ಆವಿಡ್’ ಎಂಬ ಕಾರ್ಯಕ್ರಮ ಹುಟ್ಟಿದ್ದು ನಾನಿರುವ ಈ ಊರಲ್ಲೇ. 1980ರಲ್ಲಿ ಕ್ಲೇರ್‌ಮಾಂಟ್ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಮೇರಿ ಕ್ಯಾಥರೀನ್ ಸ್ವಾನ್ಸನ್ ಶುರು ಮಾಡಿದ್ದು. ಎಲ್ಲ ಜನಾಂಗದ ಮಕ್ಕಳೂ ಕೂಡಿ ಓದಬೇಕೆಂಬ ಕೋರ್ಟ್ ಆದೇಶದಿಂದಾಗಿ ಬಡ ಬಡಾವಣೆಗಳ ಮಕ್ಕಳು ಬಸ್ಸಿನಲ್ಲಿ ಆ ಶಾಲೆಗೆ ಬರತೊಡಗಿದ್ದ ಕಾಲ. ಇಂಥವರಿಗೆ ಸುಲಭದ ಪಾಠ ಕೊಟ್ಟು ಕೈತೊಳೆದುಕೊಳ್ಳುವುದು ರೂಢಿ. ಸ್ವಾನ್ಸನ್ ಉಲ್ಟಾ ಮಾಡಿದರು. ಕಷ್ಟದ ಕ್ಲಾಸಿಗೇ ಕೂರಿಸಿದರು, ಜೊತೆಗೆ ಆಸರೆ ಕೊಟ್ಟರು. ಆರಿಸಿಕೊಂಡಿದ್ದೂ ಟಾಪರ್‌ಗಳನ್ನಲ್ಲ, ನಡುವಿನ ಮಕ್ಕಳನ್ನು.

ಇದರ ಒಂದು ಟ್ಯುಟೋರಿಯಲ್ ನೋಡಿದ್ದೇನೆ. ಲೆಕ್ಕದಲ್ಲಿ ಯಾವ ಹೆಜ್ಜೆಯವರೆಗೆ ಬಂದೆ, ಎಲ್ಲಿ ಸಿಕ್ಕಿಕೊಂಡೆ ಅಂತ ಹುಡುಗಿ ಮೊದಲೇ ಬರೆದುಕೊಂಡು ಬರಬೇಕು. ಸುಮ್ನೆ ‘ತಿಳೀಲಿಲ್ಲ’ ಅಂದರೆ ನಡೆಯಲ್ಲ. ಅವಳು ಬೋರ್ಡಿನ ಮುಂದೆ ನಿಂತಳು, ಜೊತೆಯವರು ಪ್ರಶ್ನೆ ಕೇಳುತ್ತಾ ಹೋದರು. ಟ್ಯೂಟರ್ ಆಗಿ ಬಂದಿದ್ದ ಕಾಲೇಜು ಹುಡುಗ ಕೊನೆಯವರೆಗೂ ಉತ್ತರ ಬಾಯಿಬಿಡಲಿಲ್ಲ. ಉತ್ತರ ಬಂದಿದ್ದು ಅವಳಿಂದಲೇ.

ಅಪ್‌ವರ್ಡ್ ಬೌಂಡ್ ಎಂಬ ಸರ್ಕಾರಿ ಯೋಜನೆ ಇನ್ನೂ ಹಳೆಯದು, 1960ರ ದಶಕದ್ದು. ಹೈಸ್ಕೂಲ್ ಮಕ್ಕಳನ್ನು ಬೇಸಿಗೆಯಲ್ಲಿ ಕಾಲೇಜಿನಲ್ಲೇ ಇಟ್ಟುಕೊಂಡು ಓದಿಸುತ್ತಾರೆ, ಅರ್ಜಿ ತುಂಬೋಕೂ ಜೊತೆಗಿರುತ್ತಾರೆ. ಅದರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಒಟ್ಟಾರೆ ಲಾಭ ಅಷ್ಟಕ್ಕಷ್ಟೇ ಅಂತ ಬಂತು. ಆದರೆ ‘ನಾನೆಲ್ಲಿ ಡಿಗ್ರಿ ಮಾಡ್ತೀನಿ’ ಅಂದುಕೊಂಡಿದ್ದ ಮಕ್ಕಳಿಗೆ ಮಾತ್ರ ಒಳ್ಳೆ ಉಪಯೋಗವಾಗಿತ್ತು.

ನಮ್ಮ ಕಡೆ ಅಂಥ ಮಕ್ಕಳು ಉದುರುವುದು ಎರಡು ಕಡೆ. ಹತ್ತರವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಬಂದರೆ ಎಲ್ಲ ಇಂಗ್ಲಿಷ್. ವೇಗೋತ್ಕರ್ಷ ಗೊತ್ತು, ಆಕ್ಸಿಲರೇಷನ್ ಗೊತ್ತಿಲ್ಲ. ಮೊದಲ ಟೆಸ್ಟಿಗೇ ಧೈರ್ಯ ಹೋಗುತ್ತದೆ. ಇದನ್ನು ದಾಟಿದವರಿಗೆ ಸಿಇಟಿ ಫಾರ್ಮು. ನನ್ನ ತಂಗಿ ಮಗಳ ಗೆಳತಿಗೆ ಗ್ರಾಮೀಣ ಕೋಟಾ, ಕನ್ನಡ ಮೀಡಿಯಂ ಕೋಟಾ ಎರಡೂ ಸಿಗುತ್ತಿದ್ದವು. “ಮಾಮಾ, ನೆಟ್ ಸೆಂಟರ್‌ನಾಂವ ಎರಡೂ ಹಾಕಿಲ್ರಿ. ಈಗೇನ್ ಮಾಡೋದ್ರಿ?” ಅಂತ ಫೋನ್ ಬಂದಾಗ ತಿದ್ದುವ ಗಡುವು ಮುಗಿದಿತ್ತು. ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಹೇಗೆ ಜೋಡಿಸಬೇಕು, ಸಿಕ್ಕ ಸೀಟೇ ಸಾಕು ಅಂತ ಚಾಯ್ಸ್ 1 ಒತ್ತಿದರೆ ಮುಂದಿನ ಸುತ್ತು ಇಲ್ಲ, ಇದೆಲ್ಲ ಓದಿದವರ ಮನೆಯಲ್ಲಿ ಊಟದ ಹೊತ್ತಿಗೆ ಆಡುವ ಮಾತು. ಉಳಿದವರಿಗೆ ನೆಟ್ ಸೆಂಟರಿನವನೇ ಗತಿ.

ಹಾಗಂತ ಅಮೆರಿಕದ್ದೆಲ್ಲ ಬಂಗಾರ ಅಂತಲ್ಲ. ಇಷ್ಟು ಕೈಹಿಡಿದು ಕಾಲೇಜಿನ ಬಾಗಿಲಿಗೆ ತಂದವರೇ ಆಮೇಲೆ ಸಾಲದ ಕಾಗದ ಮುಂದಿಡುತ್ತಾರೆ. ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠದ ಪ್ರಸಾದ ನಿಲಯದಂತೆ ಬಡ ಹುಡುಗರಿಗೆ ಊಟ, ವಸತಿ ಕೊಟ್ಟು ಓದಿಸುವ ಜಾಗ ನಾನಿಲ್ಲಿ ಕಂಡಿಲ್ಲ. ನಮ್ಮಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟಿನ ಕೋಟಾ ಇದೆ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಇಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ಇಲ್ಲದ ಸೀಟು. ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ಬಿಸಿಎಂ ಹಾಸ್ಟೆಲ್ ಇವೆ. ಅನ್ನ, ಸೂರು ಇದೆ. ಸಂಜೆ ಎರಡು ತಾಸು ಪಕ್ಕದಲ್ಲಿ ಕೂರುವವರಿಲ್ಲ ಅಷ್ಟೆ.

ಬೆಳಗಾವಿಯಲ್ಲಿ ಇಂಜಿನಿಯರಿಂಗ್, ಡಿಗ್ರಿ ಓದುವವರಿಗೇನು ಬರವೇ? ಅವರಿಗೆ ತಿಂಗಳಿಗಿಷ್ಟು ಅಂತ ಕೊಟ್ಟು ಹಾಸ್ಟೆಲುಗಳಿಗೆ ಕಳಿಸಬಹುದು. ಎಂಟನೇ ಕ್ಲಾಸಿನಿಂದಲೇ ಶುರುವಾಗಲಿ. ಸಿಇಟಿ ಹೊತ್ತಿಗೆ ಫಾರ್ಮು ತುಂಬಿಸುವ ಜವಾಬ್ದಾರಿಯೂ ಅವರದೇ ಇರಲಿ. ಶಾಲು, ಫಲಕದ ದುಡ್ಡನ್ನು ಈ ವರ್ಷ ಇದಕ್ಕೆ ಕೊಡೋಣ ಅಂತ ಗುಂಪಿನಲ್ಲಿ ಹಾಕಿದೆ. “ಐಡಿಯಾ ಚಲೋ ಐತ್ರಿ, ಆದ್ರ ಫೋಟೋ ಏನ್ ಹಾಕೋದು?” ಅಂತ ಒಬ್ಬರು ಕೇಳಿದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ.